ಕೋಗಿಲು ಕೆರೆಯ ಮರಿಕಾವಲು

ಯಶವಂತಪುರ,
೧೯-೬-೧೯೬೧

ಬೈರಪ್ಪನಿಗೆ ಪಿಳ್ಳಪ್ಪನ ನಮಸ್ಕಾರ.

ಮೊದಲು ಖರ್ಚಿನ ಬಾಬತ್ತು. ಬಿದಿರು ಕೋಲು ಎರಡಕ್ಕೆ ಒಂದೂವರೆ ರೂಪಾಯಿ. ಸಿಟಿ ಮಾರ್ಕೆಟ್ಟಿನಲ್ಲಿ ಆರಿಸಿ ತಂದ ಗಾಳದ ಮುಳ್ಳು ಅರ್ಧ ಡಜನ್, ಎಪ್ಪತ್ತೈದು ನಯಾಪೈಸೆ. ಯಲಹಂಕಕ್ಕೆ ಹೋಗಿ ಬರುವ ಬಸ್ಸು ಎಂಬತ್ತು. ಅಲ್ಲಿಂದ ಕೋಗಿಲಿಗೆ ಜಟಕಾ, ಎರಡೂ ಕಡೆಗೆ ಸೇರಿ ಒಂದೂವರೆ. ನಿನಗೆ ಹೊಗೆಸೊಪ್ಪು ಅರ್ಧ ರೂಪಾಯಿ. ನಿನ್ನ ಹೆಂಡತಿ ಗೌರಮ್ಮನಿಗೆ ಮೈಸೂರುಪಾಕು ಒಂದು ಮುಕ್ಕಾಲು. ಕೆಸರು ನುಂಗಿದ ಎಡಗಾಲಿನ ಮೆಟ್ಟು, ಅದರಿಂದ ಅನಾಥವಾದ ಬಲಗಾಲಿನದು, ಎರಡೂ ಸೇರಿ ಐದು. ನನ್ನ ಗುಮಾಸ್ತೆ ವಹಾಬನ ಹೆಂಡತಿ ಫಖ್ರುನ್ನೀಸಾ ಮೀನು ಬರುತ್ತದೆಂದು ಬೆಳಿಗ್ಗೆಯೇ ಅರೆದಿಟ್ಟ ಮಸಾಲೆ ಎಪ್ಪತ್ತು ಪೈಸೆ. ಒಟ್ಟು ಹನ್ನೆರಡೂವರೆ ರೂಪಾಯಿ.

ಇಷ್ಟಕ್ಕೆ ಬಂದದ್ದು ಒಂದು ಕೊರಮೀನು. ನನ್ನ ಸೌದೆ ಡಿಪೋದ ಹೊಸ ಕಿಲೋ ಕಲ್ಲಿಟ್ಟು ತೂಗಿದೆ: ಎರಡು ಕಿಲೋ ನೂರು ಗ್ರಾಂ. ಕಿಲೋಗೆ ಆರು ರೂಪಾಯಿ ಬಿತ್ತು. ರಸೆಲ್ ಮಾರ್ಕೆಟ್ಟಿನಲ್ಲಿ ಮೂರಕ್ಕೆ ಕೊಡುತ್ತಾರೆ, ಹೊಟ್ಟೆ ಸೀಳಿ ತೊಳೆದೂ ಕೊಡುತ್ತಾರೆ. ಹೋಗಲಿ, ರುಚಿಯಾದರೂ ಇತ್ತೇ? ತಲೆ ದೊಡ್ಡದು, ಮೈ ಬಡಕಲು. ಫಖ್ರುನ್ನೀಸಾ ಬಾಣಲೆಯನ್ನೇ ನೋಡುತ್ತ, "ಸಾವ್ಕಾರ್ರೇ, ಈ ಮೀನು ವಾರದಿಂದ ಏನೂ ತಿಂದಿಲ್ಲ," ಎಂದಳು. ಸೌದೆ ಜಗಿದ ಹಾಗಿತ್ತು. ಸೌದೆಯ ವಿಷಯ ನನಗೆ ಗೊತ್ತು.

ಈ ಖರ್ಚಿಗೆಲ್ಲ ಗೊಣಗುವವನು ನಾನಲ್ಲ. ಆದರೆ ಒಂದು ಬಾಬತ್ತನ್ನು ಎಲ್ಲಿ ಬರೆಯಬೇಕೋ ತಿಳಿಯುತ್ತಿಲ್ಲ. ಮೊನ್ನೆ ಹಾಲಿನವನ ಬಾಯಲ್ಲಿ ನೀನು ಹೇಳಿ ಕಳಿಸಿದೆಯಂತೆ: "ಪಿಳ್ಳಪ್ಪ ಇನ್ನು ಕೆರೆ ಏರಿ ಮೇಲೆ ಕಾಲಿಡಬಾರದು." ಎಂಟು ವರ್ಷದವರಿದ್ದಾಗಿನಿಂದ, ಅಂದರೆ ನಲವತ್ತು ವರ್ಷದಿಂದ, ಆ ಏರಿ ಮೇಲೆ ಜೊತೆಗೆ ನಡೆದಿದ್ದೇವೆ. ಯಾಕೆಂದು ಕೇಳುವ ಹಕ್ಕು ನನಗಿಲ್ಲವೇ? ಹಾಲಿನವನನ್ನು ಕೇಳಿದರೆ, "ನಂಗೊತ್ತಿಲ್ಲ ಸ್ವಾಮಿ, ನನ್ನ ಅಳತೆ ಹಾಲಿಗೆ ಮಾತ್ರ," ಎಂದ. ಆ ಅಳತೆಯ ಬಗ್ಗೆಯೂ ನನಗೆ ಅನುಮಾನವಿದೆ.

ನಿನಗೆ ಓದು ಬಾರದು, ಈ ಕಾಗದವನ್ನು ವೆಂಕಟರಾಮಯ್ಯ ಮೇಷ್ಟ್ರು ಓದಿ ಹೇಳುತ್ತಾರೆ. ಊರಿನ ಟಪಾಲೂ ಅವರ ಕೈಯಲ್ಲೇ ಇರುವುದರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಮೇಷ್ಟ್ರೇ, ನಡೆದದ್ದು ನಿಮಗೂ ತಿಳಿದಿರಲಿ. ಹೋದ ವಾರದ ಭಾನುವಾರ ಬೆಳಕು ಹರಿಯುವಾಗ ನಾನೂ ಬೈರನೂ ಹೊಂಗೆ ಮರದ ಕೆಳಗೆ ಕೂತೆವು. ಬಿಸಿಲೇರುವಷ್ಟರಲ್ಲಿ ಇವನಿಗೆ ಮೂರು ಮೀನು, ನನಗೆ ಸೊನ್ನೆ. ಇವನ ಕೋಲು ಹಳೆಯದು, ಮುಳ್ಳು ಮೊಂಡು, ದಾರದಲ್ಲಿ ಎರಡು ಗಂಟು. ನಾನು ಐದು ನಿಮಿಷಕ್ಕೊಮ್ಮೆ ಎಳೆದು ನೋಡುತ್ತಿದ್ದೆ.

"ಸೌದೆ ತೂಗ್ದಂಗಲ್ಲ ಕಣೋ ಪಿಳ್ಳ," ಎಂದ. "ಸುಮ್ಕಿರ್ಬೇಕು."

"ಎಷ್ಟು ಹೊತ್ತು?"

"ಮೀನು ಯೋಳೋಗಂಟ."

ಆಮೇಲೆ ಜೊಂಡಿನ ಪಕ್ಕ ಮೊರದಗಲ ನೀರು ಕೆಂಪಗಾಗಿ ಕುದಿಯುವ ಹಾಗೆ ಕಂಡಿತು. ಕೊರಮೀನಿನ ಮರಿಗಳು. ಅವುಗಳ ಅಡಿಯಲ್ಲಿ ತಾಯಿತಂದೆ ಕಾವಲಿರುತ್ತವೆ. "ಅತ್ತ ಮಾತ್ರ ಗಾಳ ಆಕ್ಬ್ಯಾಡ," ಎಂದು ಹೇಳಿ ಇವನು ತೂಬಿನ ಕಡೆ ಕಸ ತೆಗೆಯಲು ಹೋದ. ನಾನು ಗಾಳಕ್ಕೆ ಕಪ್ಪೆ ಸಿಕ್ಕಿಸಿ ಇನ್ನೊಂದು ಕಡೆಗೇ ಎಸೆದೆ. ಗಾಳಿ ಬೀಸಿತು, ದಾರ ಅತ್ತ ಹೋಯಿತು, ಕಪ್ಪೆ ಮರಿಗಳ ನಡುವೆ ಬಿತ್ತು, ಮೀನು ಹಿಡಿಯಿತು. ಗಾಳಿಗೆ ನಾನು ಹೊಣೆಯೇ? ಹಿಡಿದ ಮೀನನ್ನು ಇವನಿಗೆ ತೋರಿಸಿದೆ. ಇವನು ತನ್ನ ಕೋಲಿಗೆ ದಾರ ಸುತ್ತಿ ಮನೆಗೆ ನಡೆದ. ಅಷ್ಟೇ ಆದದ್ದು.

ಬೈರ, ಕೋಪವಿದ್ದರೆ ಬೈದು ಬರೆಸು. ಮೇಷ್ಟ್ರಿಗೆ ಬೈಗುಳ ಬರೆದು ಅಭ್ಯಾಸವಿಲ್ಲ, ನಿಧಾನವಾಗಿ ಹೇಳು.

ಇಂತಿ ನಿನ್ನ,
ಪಿಳ್ಳಪ್ಪ, ಸೌದೆ ಡಿಪೋ


ಕೋಗಿಲು,
೨೫-೬-೧೯೬೧

ಶ್ರೀ ಪಿಳ್ಳಪ್ಪನವರಿಗೆ,

ತಮ್ಮ ಕಾಗದವನ್ನು ಚಿಕ್ಕಬೈರಪ್ಪನಿಗೆ ಎರಡು ಸಲ ಓದಿ ಹೇಳಿದೆ. ಮೊದಲ ಸಲ ಮೈಸೂರುಪಾಕಿನ ಹತ್ತಿರ ಗೌರಮ್ಮನವರು ನಕ್ಕರು, ಇವನು ನಗಲಿಲ್ಲ. ಉತ್ತರವನ್ನು ಅವನು ಹೇಳಿದ ಹಾಗೆಯೇ ಬರೆದಿದ್ದೇನೆ. ತಿದ್ದಲು ಹೊರಟಾಗ ಕೂಡದೆಂದ.

"ಅವತ್ತು ಗಾಳಿ ಇರ್ಲಿಲ್ಲ. ಒಂಗೆ ಮರದಾಗೆ ಒಂದೆಲೆ ಅಲ್ಲಾಡ್ತಿರ್ಲಿಲ್ಲ."

ಇನ್ನೇನಾದರೂ ಇದೆಯೇ ಎಂದು ಕೇಳಿದೆ. "ಮೆಟ್ಟು ಸಿಕ್ಕೈತೆ ಅಂತ ಬರೀರಿ, ಆಲಿನೋನ ಕೈಲಿ ಕಳಿಸ್ತೀನಿ. ಐದು ರೂಪಾಯಿ ತೆಗೆದಾಕ್ಲಿ," ಎಂದ.

ಇಲ್ಲಿಂದ ಮುಂದಿನದು ನನ್ನ ಮಾತು. ತಾವು ಹದಿನಾರಕ್ಕೇ ಊರು ಬಿಟ್ಟು ಸ್ವಂತ ದುಡಿಮೆಯಿಂದ ಮೇಲೆ ಬಂದವರು, ಇಲ್ಲಿಯ ಕಟ್ಟಳೆ ಮರೆತಿರಬಹುದು. ಕಾವಲಿರುವ ಮೀನನ್ನು ಯಾವ ಕೈ ಹಿಡಿಯಿತೋ ಅದೇ ಕೈ ಮರಿಗಳನ್ನು ಕಾಯಬೇಕು. ಮರಿಗಳು ಬೆಳೆದು ಚದುರಿ ಹೋಗುವವರೆಗೆ, ಬೆಳಗಿನಿಂದ ಕತ್ತಲಾಗುವ ತನಕ ದಡದಲ್ಲಿ ಕೂತು, ಕೊಕ್ಕರೆ ಮಿಂಚುಳ್ಳಿಗಳನ್ನು ಓಡಿಸಬೇಕು. ದುಡ್ಡು ಕೊಟ್ಟು ಬೇರೆಯವರನ್ನು ಕೂರಿಸುವಂತಿಲ್ಲ. ನಾನು ಈ ಊರಿಗೆ ಬಂದ ಹದಿನೆಂಟು ವರ್ಷದಲ್ಲಿ ಯಾರೂ ಹಾಗೆ ಕೂತದ್ದನ್ನು ನೋಡಿಲ್ಲ, ಏಕೆಂದರೆ ಯಾರೂ ಹಾಗೆ ಹಿಡಿದದ್ದನ್ನೂ ನೋಡಿಲ್ಲ.

ಇತಿ ತಮ್ಮ ವಿಶ್ವಾಸಿ,
ವೆಂಕಟರಾಮಯ್ಯ


ಯಶವಂತಪುರ,
೨೯-೬-೧೯೬೧

ಬೈರಪ್ಪನಿಗೆ,

ಮೆಟ್ಟು ಬಂತು. ಐದು ರೂಪಾಯಿ ತೆಗೆದಿದ್ದೇನೆ. ಹಾಲಿನವನಿಗೆ ಕೂಲಿ ಹತ್ತು ಪೈಸೆ ಸೇರಿಸಿದ್ದೇನೆ.

ಗಾಳಿಯ ಮಾತು ಬಿಡು. ಅದನ್ನು ನೀನೂ ಸಾಬೀತು ಮಾಡಲಾರೆ, ನಾನೂ ಮಾಡಲಾರೆ. ಕಟ್ಟಳೆಗೆ ಬರೋಣ. ಡಿಪೋದಲ್ಲಿ ಹದಿನಾರು ಜನ ದುಡಿಯುತ್ತಾರೆ. ರೈಲಿನಲ್ಲಿ ಬಂದಿಳಿದ ಸೌದೆಯನ್ನು ಎರಡು ದಿನದಲ್ಲಿ ಎತ್ತದಿದ್ದರೆ ರೈಲ್ವೆಯವರು ದಂಡ ಹಾಕುತ್ತಾರೆ. ನಾನು ಅಲ್ಲಿ ಬಂದು ಕೊಕ್ಕರೆಗೆ 'ಹುಶ್' ಅನ್ನುತ್ತ ಕೂತರೆ ನನ್ನ ಗಿರಾಕಿಗಳು ನನಗೆ ತಲೆ ಕೆಟ್ಟಿದೆ ಅನ್ನುವುದಿಲ್ಲವೇ? ಒಂದೇ ಎತ್ತಿನ ಗಾಡಿಯಲ್ಲಿ ಸರ್ವೆ ಸೌದೆ ಹೇರಿಕೊಂಡು ಮತ್ತಿಕೆರೆ ಬೀದಿಬೀದಿ ಕೂಗಿದವನು ನಾನು. ಆಗ ಕೂತಿದ್ದರೆ ಈಗ ನಿಂತಿರುತ್ತಿರಲಿಲ್ಲ.

ವ್ಯಾಪಾರದಲ್ಲಿ ಒಂದು ನ್ಯಾಯವಿದೆ. ಒಡೆದವನು ಮಡಕೆ ತಂದುಕೊಡಬೇಕು, ಕುಂಬಾರನಾಗಬೇಕಿಲ್ಲ. ಹೆಬ್ಬಾಳದಲ್ಲಿ ಮೀನುಮರಿ ಸಿಗುತ್ತವೆಂದು ವಿಚಾರಿಸಿ ಎರಡು ಗುಡಾಣ ತುಂಬ ತರಿಸಿದ್ದೇನೆ. ಸಾವಿರಕ್ಕೆ ಕಡಿಮೆಯಿಲ್ಲ. ನಮ್ಮ ಗಾಡಿಯವನು ನಾಳೆ ತಂದು ಕೆರೆಗೆ ಬಿಡುತ್ತಾನೆ. ಅವನಿಗೆ ಏರಿ ಮೇಲೆ ಕಾಲಿಡಲು ಅಡ್ಡಿಯಿಲ್ಲ ತಾನೇ? ಒಂದಕ್ಕೆ ಸಾವಿರ. ಇಂಥ ಬಡ್ಡಿ ಯಾವ ಮಾರವಾಡಿಯೂ ಕೊಡುವುದಿಲ್ಲ.

ಭಾನುವಾರ ಬರಲೇ?

ನಿನ್ನ,
ಪಿಳ್ಳಪ್ಪ


ಕೋಗಿಲು,
೪-೭-೧೯೬೧

ಶ್ರೀ ಪಿಳ್ಳಪ್ಪನವರಿಗೆ,

ಬೈರಪ್ಪ ಹೇಳಿದ್ದು:

"ನೀ ಕಳ್ಸಿದ್ದು ಗೆಂಡೆ ಮರಿ. ಅದು ಕೊರಮೀನ್ಗೆ ಊಟ. ಕೆರೇಲಿರೋ ಕೊರಮೀನೆಲ್ಲ ಎರಡು ದಿನ ಒಟ್ಟೆ ತುಂಬ ತಿಂದ್ವು. ಮರಿ ಕಾಯ್ತಿರೋದು ಮಾತ್ರ ಬಾಯಿ ತೆಗೀಲಿಲ್ಲ. ಭಾನ್ವಾರ ಬರ್ಬ್ಯಾಡ."

ಇಷ್ಟು ಹೇಳಿ ಎದ್ದು ಹೋದ. ಅವನು ಹೋದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬರೆದದ್ದು ತಿಳಿದರೆ ನನ್ನನ್ನೂ ಏರಿ ಮೇಲೆ ಬಿಡಲಿಕ್ಕಿಲ್ಲ.

ತಾವು ಕೇಳುತ್ತಿರುವುದು ಸ್ನೇಹಿತ ಯಾಕೆ ಮುನಿದ ಎಂದು. ಇಲ್ಲಿ ಹೋಗಿರುವುದು ಅದಕ್ಕಿಂತ ದೊಡ್ಡದು. ಆ ದಿನ ಏರಿಯ ಕೆಳಗೆ ಬಟ್ಟೆ ಒಗೆಯುತ್ತಿದ್ದ ಮಾರಕ್ಕ ಎಲ್ಲವನ್ನೂ ನೋಡಿದ್ದಳು. ಸಂಜೆಗೆ ಊರಿಗೆಲ್ಲ ಗೊತ್ತಾಯಿತು. ಮಾರನೆಯ ದಿನ ಹಿರಿಯರು ಬೈರಪ್ಪನನ್ನು ಕರೆಸಿ ಕೇಳಿದರು. ಅವನು ನೀರುಗಂಟಿ, ಕೆರೆಯ ತೂಬೆತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವ ಕೆಲಸ ಐದು ತಲೆಮಾರಿನಿಂದ ಅವನ ಮನೆಯದು. "ಗಾಳ ಹಾಕಬೇಡ ಎಂದು ಹೇಳಿದ್ದೆ, ನನ್ನ ಬೆನ್ನ ಹಿಂದೆ ಹಾಕಿದ" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. "ಕೆರೆ ಕಾಯೋನು ನಾನು. ತಪ್ಪು ನಂದು," ಎಂದಷ್ಟೇ ಹೇಳಿ ನಿಂತ.

ಆಗ ಯಜಮಾನರು, "ಸ್ನೇಹಿತನ ಕೈಯಿಂದ ಗಾಳ ಕಿತ್ಕೊಳ್ಳಕಾಗ್ದೋನು, ನಾಳೆ ನೆಂಟನ ಗದ್ದೆಗೆ ಎರಡು ಗಂಟೆ ಎಚ್ಗೆ ನೀರು ಬಿಡಲ್ಲ ಅಂತ ಎಂಗೆ ನಂಬಾದು?" ಎಂದರು. ತೂಬಿನ ಕೋಲನ್ನು ಅವನ ಕೈಯಿಂದ ತೆಗೆದು ದಾಯಾದಿ ಮುನಿಯಲ್ಲಪ್ಪನಿಗೆ ಕೊಟ್ಟಿದ್ದಾರೆ. ಜುಲೈ ಮೂವತ್ತರಂದು ಊರು ಮತ್ತೆ ಸೇರುತ್ತದೆ. ಆಗಸ್ಟಿನಲ್ಲಿ ನಾಟಿಗೆ ಮೊದಲ ನೀರು ಬಿಡಬೇಕು. ಅಂದು ಕೋಲು ಯಾರ ಕೈಯಲ್ಲಿರುತ್ತದೋ ಮುಂದೆ ಅದು ಅವರ ಮನೆಯದೇ.

ಬೈರಪ್ಪ ಈಗಲೂ ದಿನಾ ಬೆಳಿಗ್ಗೆ ತೂಬಿನ ಹತ್ತಿರ ಹೋಗಿ ಬರುತ್ತಾನೆ. ಬರಿಗೈಯಲ್ಲಿ.

ತಮ್ಮ,
ವೆಂಕಟರಾಮಯ್ಯ


ಕೋಗಿಲು ಕೆರೆ, ಹಿಂದಲ ದಡ,
೧೨-೭-೧೯೬೧

ಬೈರಪ್ಪನಿಗೆ,

ನಾನು ಎಲ್ಲಿ ಕೂತಿದ್ದೇನೆಂದು ನಿನಗೆ ಹೇಳಬೇಕಿಲ್ಲ, ತಲೆ ಎತ್ತಿದರೆ ಕಾಣುತ್ತದೆ. ಏರಿ ಮೇಲೆ ಕಾಲಿಡಬೇಡ ಎಂದೆ, ಇಟ್ಟಿಲ್ಲ. ಊರೊಳಗಿನಿಂದ ಬರುವುದಕ್ಕೆ ಬದಲು ರಾಗಿ ಹೊಲಗಳನ್ನು ಬಳಸಿಕೊಂಡು ಒಂದೂವರೆ ಮೈಲಿ ಹೆಚ್ಚಿಗೆ ನಡೆದು ಈ ಕಡೆಯ ದಡಕ್ಕೆ ಬರುತ್ತೇನೆ. ಇಂದಿಗೆ ಆರನೆಯ ದಿನ. ರಾತ್ರಿ ಮಲಗುವುದು ಮಾರಕ್ಕನ ಜಗಲಿಯ ಮೇಲೆ. ನನ್ನ ಮೇಲೆ ಚಾಡಿ ಹೇಳಿದವಳ ಮನೆಯಲ್ಲೇ ಉಣ್ಣುತ್ತಿದ್ದೇನೆ. ಸಾಕ್ಷಿಯನ್ನು ಹತ್ತಿರ ಇಟ್ಟುಕೊಳ್ಳುವುದು ಒಳ್ಳೆಯದು.

ಮೊದಲ ದಿನ ಅವಳು ಬಟ್ಟೆ ಗಂಟು ಇಳಿಸಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಏನ್ ಸಾವ್ಕಾರ್ರೇ, ಸೌದೆ ಯಾಪಾರ ಬುಟ್ಟು ಮೀನ್ ಸಾಕಾಕ್ ಬಂದ್ರಾ?"

"ಹೂಂ ಮಾರಕ್ಕ. ಬಂಡವಾಳ ಕಡಿಮೆ."

"ಬುದ್ದಿ ಅದಕ್ಕಿಂತ ಕಮ್ಮಿ," ಎಂದಳು. ಸಂಜೆಗೆ ಮುದ್ದೆ, ಅವರೆಕಾಳು ಸಾರು ಇಟ್ಟಳು.

ಹದಿನಾರು ಜನರ ಡಿಪೋ ನಿಂತು ಹೋಗಿಲ್ಲ. ವಹಾಬ್ ನಡೆಸುತ್ತಿದ್ದಾನೆ. ನಾನಿಲ್ಲದ ಮೊದಲ ಮೂರು ದಿನದ ಮಾರಾಟ ನಾನಿದ್ದ ಯಾವ ಮೂರು ದಿನದ್ದಕ್ಕಿಂತಲೂ ಹೆಚ್ಚಾಗಿದೆಯೆಂದು ಬರೆದಿದ್ದಾನೆ. ಅದನ್ನು ಅಷ್ಟು ಸಂತೋಷದಿಂದ ಬರೆಯಬೇಕಿರಲಿಲ್ಲ.

ಇನ್ನು ಗಾಳಿ. ಮೇಷ್ಟ್ರೇ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಬೈರ, ಅವತ್ತು ಗಾಳಿ ಇರಲಿಲ್ಲ. ಹೊಂಗೆ ಎಲೆ ಅಲ್ಲಾಡುತ್ತಿರಲಿಲ್ಲ. ನೀನು ತೂಬಿನ ಕಡೆ ತಿರುಗುವುದನ್ನೇ ಕಾಯುತ್ತಿದ್ದೆ. ಮೀನಿಲ್ಲದೆ ಹಿಂತಿರುಗಿದರೆ ಡಿಪೋದಲ್ಲಿ ನಗುತ್ತಾರೆ ಎನ್ನುವುದೊಂದು. ನಿನಗೆ ಮೂರು ಬಂದು ನನಗೆ ಒಂದೂ ಬಾರದ್ದು ಇನ್ನೊಂದು. ಎರಡನೆಯದೇ ಹೆಚ್ಚು. ಈ ನಲವತ್ತು ವರ್ಷದಲ್ಲಿ ಮನೆ, ಗಾಡಿ, ಡಿಪೋ ಎಲ್ಲದರಲ್ಲೂ ನಾನೇ ಮುಂದೆ. ಈ ಒಂದು ದಡದ ಮೇಲೆ ಮಾತ್ರ ನಿನ್ನ ಮುಂದೆ ಬೆಪ್ಪನ ಹಾಗೆ ಕೂತಿರಬೇಕು. ಅದು ತಡೆಯಲಿಲ್ಲ. ಕಪ್ಪೆಯನ್ನು ಸರಿಯಾಗಿ ಗುರಿಯಿಟ್ಟೇ ಎಸೆದೆ. ಜೀವಮಾನದಲ್ಲಿ ಅಷ್ಟು ನೇರವಾಗಿ ಎಸೆದದ್ದಿಲ್ಲ.

ಕೂತು ನೋಡಿದ ಮೇಲೆ ಇನ್ನೊಂದು ತಿಳಿಯಿತು. ಉಳಿದಿರುವ ಒಂಟಿ ಮೀನು ಮೊದಲ ದಿನ, ಕೊಕ್ಕರೆ ಓಡಿಸಲು ಹಿಡಿದ ನನ್ನ ಕೋಲಿಗೇ ಬಂದು ಹೊಡೆಯಿತು, ನನ್ನನ್ನು ಕೊಕ್ಕರೆ ಅಂದುಕೊಂಡು. ಮರಿಗಳ ಸುತ್ತ ಸುತ್ತುತ್ತದೆ, ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿಯುತ್ತದೆ, ಮತ್ತೆ ಸುತ್ತುತ್ತದೆ. ಊಟ ಎಂಬುದಿಲ್ಲ. ನಾನು ಎಸೆದ ಕಪ್ಪೆಯನ್ನು ಇದರ ಜೋಡಿ ತಿನ್ನಲು ಬಂದದ್ದಲ್ಲ, ಓಡಿಸಲು ಬಂದದ್ದು. ಫಖ್ರುನ್ನೀಸಾ ಬಾಣಲೆ ನೋಡಿಯೇ ಹೇಳಿದ್ದಳು, ನಾನು ಮಸಾಲೆಯ ತಪ್ಪೆಂದುಕೊಂಡೆ.

ಆರು ದಿನದ ವರದಿ: ಮಿಂಚುಳ್ಳಿ ಹೊತ್ತದ್ದು ಏಳು ಮರಿ. ಕೊಕ್ಕರೆ ಹೊತ್ತದ್ದು ಹನ್ನೊಂದು, ಅದರಲ್ಲಿ ಐದು ನಾನು ತೂಕಡಿಸಿದಾಗ. ನೀರುಹಾವು ಒಂದು ಬಂತು. ಅದನ್ನು ಮೀನೂ ನಾನೂ ಸೇರಿ ಓಡಿಸಿದೆವು.

ತೂಬಿನ ಕೋಲಿನ ವಿಷಯ ನನಗೆ ತಿಳಿದಿದೆ. ಯಾರು ಹೇಳಿದರೆಂದು ಕೇಳಬೇಡ.

ನಿನ್ನ,
ಪಿಳ್ಳಪ್ಪ


ಕೋಗಿಲು,
೧೭-೭-೧೯೬೧

ಶ್ರೀ ಪಿಳ್ಳಪ್ಪನವರಿಗೆ,

ಬೈರಪ್ಪ ಹೇಳಿದ್ದು:

"ನಿನ್ನ ಎಡಗಡೆ ಜೊಂಡು ಐತಲ್ಲ, ಕೊಕ್ಕರೆ ಅದರ ಇಂದ್ಗಡೆಯಿಂದ ಬರ್ತದೆ. ನೀನು ಬಲಗಡೆ ನೋಡ್ತಾ ಕುಂತಿರ್ತೀಯ. ಜೊಂಡಿಗೆ ಒಂದು ಬಿಳೀ ಬಟ್ಟೆ ಕಟ್ಟು. ಮದ್ಯಾನ್ನ ಬಿಸಿಲಿಗೆ ಮರಿ ಆಳಕ್ಕಿಳೀತವೆ, ಆಗ ಉಂಡ್ಕೊ. ಬೆಳಿಗ್ಗೆ ಉಣ್ಬ್ಯಾಡ, ನಿದ್ದೆ ಬರ್ತದೆ."

ಗಾಳಿಯ ವಿಷಯ ಓದಿ ಮುಗಿಸಿದೆ. ಇನ್ನೊಮ್ಮೆ ಓದಿ ಎಂದ. ಓದಿದೆ.

ನನ್ನ ಕಡೆಯಿಂದ ಒಂದು ಮಾತು. ತಾವು ಮಾರಕ್ಕನ ಕೈಯಲ್ಲಿ ಕೊಟ್ಟ ಲಕೋಟೆ ನಮ್ಮ ಟಪಾಲು ಪೆಟ್ಟಿಗೆಗೆ ಬಿದ್ದು, ಯಲಹಂಕಕ್ಕೆ ಹೋಗಿ, ಮುದ್ರೆ ಒತ್ತಿಸಿಕೊಂಡು ಮೂರನೆಯ ದಿನ ಮತ್ತೆ ನನ್ನ ಕೈಗೇ ಬರುತ್ತದೆ. ಕಟ್ಟುಪಾಡು ಹಾಗಿದೆ, ನಾನು ಮುರಿಯಲಾರೆ. ಆದರೆ ನೀರಿನ ಆಚೆ ಕಾಣುವ ಮನುಷ್ಯನಿಗೆ ಕೂಗಿ ಹೇಳಿದರಾಗದೇ ಎಂದು ಬೈರಪ್ಪನನ್ನು ಕೇಳಿದೆ. "ಕೂಗಿದ್ರೆ ಮಾತಾಡ್ದಂಗೆ ಆಯ್ತದೆ ಮೇಷ್ಟ್ರೇ," ಎಂದ.

ಮಾರಕ್ಕ ತಮ್ಮನ್ನು ನೋಡಲು ಊರಿನ ಹೆಂಗಸರನ್ನೆಲ್ಲ ಗುಂಪು ಕಟ್ಟಿ ಕರೆತರುತ್ತಿದ್ದಾಳೆಂದು ಕೇಳಿದೆ. ಕ್ಷಮಿಸಬೇಕು. ನಮ್ಮ ಶಾಲೆಯ ಮಕ್ಕಳನ್ನಾದರೂ ತಡೆದಿದ್ದೇನೆ.

ತಮ್ಮ,
ವೆಂಕಟರಾಮಯ್ಯ


ಯಶವಂತಪುರ,
೩೧-೭-೧೯೬೧

ಬೈರಪ್ಪನಿಗೆ,

ನಿನ್ನೆ ಊರು ಸೇರಿದಾಗ ನೀನು ಬರಲಿಲ್ಲ. ವಿಚಾರಣೆಗೆ ನಿಂತ ನೀರುಗಂಟಿ ಒಳಗೆ ಕೂರಬಾರದಂತೆ. ನಡೆದದ್ದನ್ನು ಹತ್ತು ಜನ ಹತ್ತು ರೀತಿ ಹೇಳಿರುತ್ತಾರೆ, ನನ್ನದೂ ಒಂದಿರಲಿ.

ಗುರುವಾರ ಸಂಜೆ ಮರಿಗಳು ಚದುರಿದವು. ಕೆಂಪು ಬಣ್ಣ ಹೋಗಿ ಕಪ್ಪಾಗಿದ್ದವು, ಬೆರಳುದ್ದವಾಗಿದ್ದವು. ಬೆಳಿಗ್ಗೆ ಒಂದು ಗುಂಪು, ಮಧ್ಯಾಹ್ನ ನಾಲ್ಕು ಗುಂಪು, ಸಂಜೆಗೆ ಗುಂಪೇ ಇಲ್ಲ. ದೊಡ್ಡ ಮೀನು ಇನ್ನೂ ಸ್ವಲ್ಪ ಹೊತ್ತು ಬರಿ ನೀರನ್ನು ಸುತ್ತಿ ಆಳಕ್ಕೆ ಇಳಿಯಿತು. ನನ್ನ ಕಡೆ ನೋಡಲಿಲ್ಲ. ಇಪ್ಪತ್ತೊಂದು ದಿನ ಜೊತೆಗೆ ಕೆಲಸ ಮಾಡಿದವರು ಹೀಗೆ ಹೋಗುವುದು ಡಿಪೋದಲ್ಲೂ ಉಂಟು.

ಯಜಮಾನರು ಅರಳಿ ಕಟ್ಟೆಯ ಮೇಲೆ ಕೂತು ನನ್ನನ್ನು ಮುಂದೆ ನಿಲ್ಲಿಸಿದರು. "ಮರಿ ಕಾದಿದ್ದು ಸರಿ ಪಿಳ್ಳಪ್ಪ. ಅದು ನಿನ್ನ ಬಾಕಿ, ತೀರ್ತು. ಕೋಲಿನ ಮಾತು ಬ್ಯಾರೆ. ಗಾಳ ಆಕ್ಬ್ಯಾಡ ಅಂತ ಬೈರ ನಿಂಗೆ ಯೋಳಿದ್ನಾ?"

"ಹೇಳಿದ್ದ."

"ಮತ್ಯಾಕ್ ಆಕ್ದೆ?"

"ಅವನ ಬೆನ್ನು ತಿರುಗಲಿ ಅಂತ ಕಾದಿದ್ದು ಹಾಕ್ದೆ. ನಾನು ಮಾಡಿದ್ದು ಕಳ್ಳತನ. ಅವನ ಎದುರಿಗೆ ಮಾಡಿದ್ದಲ್ಲ."

ಹಿಂದಿನಿಂದ ಯಾರೋ, "ಯಶವಂತಪುರದಾಗೆ ಇವ್ರ ತಕ್ಕಡಿ ಭಾರಿ ನೇರ ಅಂತಾರೆ!" ಎಂದರು. ನಕ್ಕರು. ಅವರಲ್ಲಿ ನಾಲ್ಕು ಜನ ನನ್ನ ಹತ್ತಿರ ಸೌದೆ ಕೊಳ್ಳುವವರು. ನನ್ನ ಬಾಯಿಗೆ ಉತ್ತರ ಬಂದಿತ್ತು, ಒಳ್ಳೆಯ ಉತ್ತರವೇ. ನುಂಗಿದೆ.

ಆದರೂ ಯಜಮಾನರು ಒಪ್ಪಲಿಲ್ಲ. "ಇನ್ನೂ ಕೆಟ್ಟದಾಯ್ತಲ್ಲಪ್ಪ. ಸ್ನೇಹಿತನ ಕಳ್ತನ ಮುಚ್ಚಾಕ್ದೋನು ನೀರು ಕಳ್ಳನ್ನ ಮುಚ್ಚಾಕಲ್ವಾ?" ಎಂದರು. ಬೈರ, ನಿಜ ಹೇಳಿದರೆ ಕೋಲು ಕೈಗೆ ಬಂದುಬಿಡುತ್ತದೆಂದು ನಾನು ಎಣಿಸಿದ್ದೆ. ಅದು ಇನ್ನೊಂದು ಮೊಳ ದೂರ ಹೋಯಿತು. ಅಷ್ಟು ಜನರ ನಡುವೆ ನಾನು ಮಾತಿಲ್ಲದೆ ನಿಂತದ್ದು ಅದೇ ಮೊದಲು.

ಆಗ ಗೋಡೆ ಪಕ್ಕ ನಿಂತಿದ್ದ ಹೆಂಗಸರ ಗುಂಪಿನಿಂದ ಮಾರಕ್ಕನ ದನಿ ಬಂತು. ಅಲ್ಲಿ ಹೆಂಗಸರು ಮಾತಾಡುವ ವಾಡಿಕೆಯಿಲ್ಲ.

"ಯಜಮಾನ್ರೇ, ನಾನೇ ನೋಡಿ ಯೋಳ್ದೋಳು, ಈಗ್ಲೂ ನೋಡಿದ್ದನ್ನೇ ಯೋಳ್ತೀನಿ. ಈ ವಯ್ಯ ಇಪ್ಪತ್ತೊಂದು ದಿನ ಆ ದಡದಾಗೆ ಒಣಗ್ತಾ ಕುಂತಿದ್ದ. ಬೈರಣ್ಣ ಈ ದಡದಾಗೆ. ನಲ್ವತ್ತು ವರ್ಸದ ಗೆಣೆಕಾರ. ಒಂದಿನ ಕರೀಲಿಲ್ಲ. ಒಂದು ಕೂಗು ಆಕ್ಲಿಲ್ಲ. ಮಳೆ ಉಯ್ದ ದಿನಾನೂ ಏರಿ ಮ್ಯಾಕೆ ಬಾ ಅನ್ಲಿಲ್ಲ. ತನ್ನ ಗೆಣೆಕಾರಂಗೇ ಇಲ್ಲ ಅಂದೋನು ನಿಮ್ಮ ಗದ್ದೆಗೆ ಎಚ್ಗೆ ನೀರು ಬುಡ್ತಾನಾ? ಬುಟ್ಟ ಅಂದ್ರೆ ನನ್ನ ಕೇಳಿ!"

ಆಮೇಲೆ ಮುನಿಯಲ್ಲಪ್ಪನೇ ಎದ್ದು, "ನಂಗೂ ಸಾಕಾಗೈತೆ," ಎಂದ. ನೀರು ಬಿಡುವ ಕಾಲ ಇನ್ನೂ ಬಂದಿಲ್ಲ, ಆಗಲೇ ಬೆಳಗಾಗುವ ಮೊದಲು ಮೂರು ಜನ ನೆಂಟರು ಬಾಗಿಲು ತಟ್ಟುತ್ತಾರಂತೆ. ಒಬ್ಬ ಕೋಳಿಯನ್ನೂ ತಂದಿದ್ದನಂತೆ. "ನೀನು ಕೋಳಿ ಏನ್ ಮಾಡ್ದೆ?" ಎಂದು ಯಜಮಾನರು ಕೇಳಿದರು. ಅವನು ತಲೆ ಕೆರೆದುಕೊಂಡ. ಎಲ್ಲರೂ ನಕ್ಕರು, ಈ ಸಲ ನಾನೂ.

ತೀರ್ಪನ್ನು ಯೋಚಿಸಿ ಹೇಳುತ್ತಾರಂತೆ. ನಾನು ಕಡೆಯ ಬಸ್ಸಿಗೆ ಬಂದೆ.

ನನ್ನ ಬಾಯಿಂದ ಆಗದ್ದು ನಿನ್ನ ಮೌನದಿಂದ ಆಯಿತೋ ಏನೋ. ಬಾಯಿಂದಲೇ ಬದುಕಿದವನಿಗೆ ಇದನ್ನು ಬರೆಯುವುದು ಸುಲಭವಲ್ಲ.

ನಿನ್ನ,
ಪಿಳ್ಳಪ್ಪ


ಕೋಗಿಲು,
೧೦-೮-೧೯೬೧

ಶ್ರೀ ಪಿಳ್ಳಪ್ಪನವರಿಗೆ,

ತೀರ್ಪಾಯಿತು. ತೂಬಿನ ಕೋಲು ಚಿಕ್ಕಬೈರಪ್ಪನಿಗೆ ಮರಳಿದೆ. ಹದಿನಾಲ್ಕನೆಯ ತಾರೀಖು ಸೋಮವಾರ ಅವನೇ ಮೊದಲ ನೀರು ಬಿಡುತ್ತಾನೆ. ತಮ್ಮ ವಿಷಯದಲ್ಲೂ ಒಂದು ಕಟ್ಟಾಯಿತು: ತಾವು ಈ ಕೆರೆಗೆ ಜೀವಮಾನದಲ್ಲಿ ಇನ್ನು ಗಾಳ ಹಾಕುವಂತಿಲ್ಲ. ಹಾಗೆ ಆಗಬೇಕೆಂದು ಕೇಳಿದವನು ಬೈರಪ್ಪನೇ. ತಮಗೆ ಬೇಸರವಾಗಬಹುದು, ಆದರೂ ಮುಚ್ಚಿಡಲಾರೆ.

ಅವನು ಹೇಳಿದ್ದು:

"ಪಿಳ್ಳ, ನೀರು ಬಿಟ್ಟು ಮುಗಿದ ಮೇಲೆ, ಇಪ್ಪತ್ತನೇ ತಾರೀಕು ಭಾನ್ವಾರ ಬಾ. ಏರಿ ಮೇಲಿಂದಾನೇ ಬಾ."

ತಮ್ಮ,
ವೆಂಕಟರಾಮಯ್ಯ


ಯಶವಂತಪುರ,
೨೧-೮-೧೯೬೧

ಬೈರಪ್ಪನಿಗೆ,

ನಿನ್ನೆ ಇಡೀ ದಿನ ಪಕ್ಕದಲ್ಲಿ ಕೂತಿದ್ದು ಇವತ್ತು ಕಾಗದ ಬರೆಯುವುದು ಮೂರ್ಖತನ. ಆದರೆ ಪಕ್ಕದಲ್ಲಿ ಕೂತಾಗ ನೀನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ನನ್ನ ಕೈಯಲ್ಲಿ ಕೋಲಿರಲಿಲ್ಲ, ಎಳೆದು ನೋಡುವ ಕೆಲಸವಿರಲಿಲ್ಲ. ನಿನಗೆ ಐದು ಮೀನು ಬಂದವು. ಮೂರನೆಯದು ಬರುವ ಮುಂಚೆ ದಾರ ನಡುಗುವುದು ನನಗೆ ನಿನಗಿಂತ ಮೊದಲು ಕಂಡಿತು. ಬಾಯಿಬಿಡಲಿಲ್ಲ. ನೀನು ತಿರುಗಿ ನೋಡಿದೆ, ಅಷ್ಟು ಸಾಕಾಯಿತು.

ಒಂದು ಪ್ರಶ್ನೆಯನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡೇ ಬಂದಿದ್ದೆ. ಆ ಇಪ್ಪತ್ತೊಂದು ದಿನ ನೀನು ಕರೆಯದಿದ್ದದ್ದು ಕೋಪಕ್ಕೋ, ಊರಿನವರು ನೋಡಲಿ ಎಂದೋ? ಕೇಳಲಿಲ್ಲ. ಕೋಪಕ್ಕೇ ಆಗಿದ್ದರೆ ಅದು ನಿನ್ನ ಹಕ್ಕು. ಊರಿಗೆಂದಾದರೆ ನನಗಿಂತ ದೊಡ್ಡ ವ್ಯಾಪಾರಸ್ಥ ನೀನು. ಯಾವುದಾದರೂ ನನಗೆ ನಷ್ಟವಿಲ್ಲ.

ಇನ್ನು ಯಾರಿಗೆ ಏನು ಬಂತೆಂದು ಬರೆದು ಮುಗಿಸುತ್ತೇನೆ.

ಕೆರೆಗೆ: ಒಂದು ದೊಡ್ಡ ಮೀನು ಹೋಯಿತು, ನನ್ನ ಅಂದಾಜಿನಲ್ಲಿ ನಾನೂರು ಮರಿ ಉಳಿದವು.
ಕೊಕ್ಕರೆ, ಮಿಂಚುಳ್ಳಿಗಳಿಗೆ: ನಲವತ್ತೆರಡು ಮರಿ.
ಬೇರೆ ಕೊರಮೀನುಗಳಿಗೆ: ಹೆಬ್ಬಾಳದಿಂದ ಎರಡು ಗುಡಾಣ ಊಟ.
ಮುನಿಯಲ್ಲಪ್ಪನಿಗೆ: ಒಂದು ಕೋಳಿ.
ಮೇಷ್ಟ್ರಿಗೆ: ಬಿಟ್ಟಿ ಗುಮಾಸ್ತಿಕೆ.
ಮಾರಕ್ಕನಿಗೆ: ಅರಳಿ ಕಟ್ಟೆಯಲ್ಲಿ ಮಾತಾಡುವ ಅಧಿಕಾರ. ಹಿಂದಕ್ಕೆ ಪಡೆಯುವ ಧೈರ್ಯ ಯಾರಿಗೂ ಇಲ್ಲ.
ವಹಾಬನಿಗೆ: ತಿಂಗಳಿಗೆ ಹತ್ತು ರೂಪಾಯಿ ಹೆಚ್ಚು ಸಂಬಳ.
ನಿನಗೆ: ತೂಬಿನ ಕೋಲು.
ನನಗೆ: ಮೀನಿಲ್ಲ. ಏರಿ ಮೇಲೆ ನಿನ್ನ ಪಕ್ಕ ಒಂದು ಆಳು ಕೂರುವಷ್ಟು ಜಾಗ.

ನಿನ್ನ,
ಪಿಳ್ಳಪ್ಪ